ಖಜಾನೆಯ ಗುಮಾಸ್ತರ ನಕ್ಷತ್ರದ ಲೆಕ್ಕ

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಾಡಹಬ್ಬದ ದಿನ ಬಂಗಾಳದ ಒಬ್ಬ ಗುಮಾಸ್ತರ ಮಾತನ್ನೇಕೆ ಎತ್ತಿಕೊಂಡಿರೆಂದು ತಾವು ಕೇಳಬಹುದು. ಕವಿಗಳನ್ನೂ ಏಕೀಕರಣದ ಹಿರಿಯರನ್ನೂ ಕುರಿತು ಮಾತನಾಡಲು ನಮಗಿಂತ ಬಲ್ಲವರು ಈ ವೇದಿಕೆಯ ಮೇಲೆಯೇ ಇದ್ದಾರೆ. ನಾವು ಬ್ಯಾಂಕಿನಲ್ಲಿ ಲೆಕ್ಕ ಬರೆಯುವವರು. ಲೆಕ್ಕ ಬರೆದ ಇನ್ನೊಬ್ಬರ ಯೋಗ್ಯತೆಯನ್ನು ಹೇಳುವ ಅಧಿಕಾರ ಸ್ವಲ್ಪಮಟ್ಟಿಗಾದರೂ ನಮಗುಂಟೆಂದು ಭಾವಿಸಿದ್ದೇವೆ. ಕಥೆಯ ಕೊನೆ ನಮ್ಮ ಈ ಹೈದರಾಬಾದಿಗೂ ಬೆಂಗಳೂರಿಗೂ ಬಂದು ತಾಗುತ್ತದೆಂಬುದೂ ಒಂದು ಕಾರಣ.

ಅವರ ಹೆಸರು ರಾಧಾಗೋವಿಂದ ಚಂದ್ರ. ಈಗ ಬಾಂಗ್ಲಾದೇಶಕ್ಕೆ ಸೇರಿರುವ ಜೆಸ್ಸೋರಿನ ಬಳಿಯ ಬಾಗ್‌ಚರ್ ಗ್ರಾಮದಲ್ಲಿ 1878ರಲ್ಲಿ ಹುಟ್ಟಿದವರು. ಎಂಟ್ರೆನ್ಸ್ ಪರೀಕ್ಷೆಗೆ ಮೂರು ಸಲ ಕುಳಿತು ಮೂರು ಸಲವೂ ನಪಾಸಾದರು. ಜೆಸ್ಸೋರಿನ ಸರ್ಕಾರಿ ಖಜಾನೆಯಲ್ಲಿ ನಾಣ್ಯಗಳನ್ನು ನೋಡಿ ಸಾಚಾ ಯಾವುದು, ಖೋಟಾ ಯಾವುದು ಎಂದು ಬೇರ್ಪಡಿಸುವ ಕೆಲಸ ದೊರೆಯಿತು. ನಮ್ಮ ಕಡೆ ಶರಾಫನ ಕೆಲಸವೆನ್ನುವುದು ಅದನ್ನೇ. ಪರೀಕ್ಷೆಯಲ್ಲಿ ಬಿದ್ದವರು ಮುಂದೆ ದೊಡ್ಡವರಾದರೆಂದು ಮಕ್ಕಳಿಗೆ ಹೇಳಿ ಹುರಿದುಂಬಿಸುವ ವಾಡಿಕೆಯಿದೆ. ಅದು ನಮಗೆ ಅಷ್ಟಾಗಿ ಹಿಡಿಸದು. ಚಂದ್ರರು ಆ ಅರ್ಥದಲ್ಲಿ ದೊಡ್ಡವರಾಗಲೇ ಇಲ್ಲ. ಹಗಲು ಖಜಾನೆಯಲ್ಲಿ ದುಡಿದರು, ರಾತ್ರಿ ಆಕಾಶ ನೋಡಿದರು.

1910ರಲ್ಲಿ ಹ್ಯಾಲಿ ಧೂಮಕೇತು ಬಂದಾಗ ಅದನ್ನು ಸಣ್ಣ ದುರ್ಬೀನಿನಲ್ಲಿ ನೋಡಿದರು. 1912ರಲ್ಲಿ ಇಂಗ್ಲೆಂಡಿನಿಂದ 3 ಅಂಗುಲದ ದೂರದರ್ಶಕವೊಂದನ್ನು ತರಿಸಿಕೊಂಡರು. 1918ರ ಜೂನ್ ತಿಂಗಳಲ್ಲಿ ಗರುಡ ನಕ್ಷತ್ರಪುಂಜದಲ್ಲಿ ಇದ್ದಕ್ಕಿದ್ದಂತೆ ಹೊಸ ತಾರೆಯೊಂದು ಉಜ್ವಲವಾಗಿ ಹೊಳೆದಾಗ, ಯಾರೂ ಹೇಳದೆಯೇ ಅದನ್ನು ಕಂಡುಕೊಂಡವರಲ್ಲಿ ಇವರೂ ಒಬ್ಬರು. ಆ ಮೇಲೆ ಅಮೆರಿಕದ ಹಾರ್ವರ್ಡಿನೊಡನೆ ಪತ್ರವ್ಯವಹಾರ ನಡೆದು, ಬೆಳಕು ಏರಿಳಿಯುವ ತಾರೆಗಳನ್ನು ನೋಡುವವರ ಅಲ್ಲಿನ ಸಂಘಕ್ಕೆ ಸೇರಿದರು. 1911ರಲ್ಲಿ ಆಲ್ಕಟ್ ಎಂಬ ವಕೀಲರ ಮುಂದಾಳುತನದಲ್ಲಿ ಹುಟ್ಟಿದ ಸಂಘವದು. ಸದಸ್ಯರಿಗೆ ಸಂಬಳವಿಲ್ಲ, ನಮ್ಮ ಸಂಘದಂತೆಯೇ, ಚಂದಾ ಮಾತ್ರ ಉಂಟು!

ಈ ಕೆಲಸದ ಬಗೆಯನ್ನು ಸ್ವಲ್ಪ ವಿವರಿಸಬೇಕು. ಕೆಲವು ನಕ್ಷತ್ರಗಳ ಬೆಳಕು ಸ್ಥಿರವಲ್ಲ. ತಿಮಿಂಗಿಲ ಪುಂಜದ ಮೀರಾ ಎಂಬುದು ಸುಮಾರು 332 ದಿನಗಳಿಗೊಮ್ಮೆ ಉಬ್ಬಿ ತಗ್ಗುತ್ತದೆ. ಉಬ್ಬಿದಾಗ ಬರಿಗಣ್ಣಿಗೆ ಕಾಣುತ್ತದೆ, ತಗ್ಗಿದಾಗ ದೂರದರ್ಶಕವಿಲ್ಲದೆ ಕಾಣದು. ನೋಡುವವರು ಅದರ ಪಕ್ಕದ ಸ್ಥಿರ ತಾರೆಗಳೊಡನೆ ಹೋಲಿಸುತ್ತಾರೆ. ಒಂದರ ಕಾಂತಿ 8.2, ಇನ್ನೊಂದರದು 8.6, ನಮ್ಮದು ಅವೆರಡರ ನಡುವೆ ಎಂದಾದರೆ 8.4 ಎಂದು ತಾರೀಖು, ವೇಳೆಗಳೊಡನೆ ಬರೆಯಬೇಕು. ತಾರೆ ಕಾಣದಿದ್ದರೆ, ಇಷ್ಟು ಮಂದವಾದ ತಾರೆಯವರೆಗೆ ಕಂಡೆ, ಇದು ಮಾತ್ರ ಕಾಣಲಿಲ್ಲ ಎಂದು ಬರೆಯಬೇಕು. ಕಾಣದ್ದನ್ನು ಕಂಡೆನೆಂದು ಬರೆದರೆ ಹಿಡಿಯುವ ಇನ್ಸ್‌ಪೆಕ್ಟರರು ಅಲ್ಲಿ ಯಾರೂ ಇಲ್ಲ. ನೋಡಿದ್ದು ಹೀಗೆಯೇ ಇರಬೇಕೆಂದು ಮನಸ್ಸು ಮೊದಲೇ ತೀರ್ಮಾನಿಸಿರುತ್ತದೆ. ಕಣ್ಣು ಅದಕ್ಕೆ ಸಹಿ ಹಾಕಿಬಿಡುತ್ತದೆ. ನಾಣ್ಯ ನೋಡಿ ಪಳಗಿದ ಕಣ್ಣಿಗೆ ಈ ಶಿಸ್ತು ಒಗ್ಗಿದ್ದರಲ್ಲಿ ನಮಗೆ ಆಶ್ಚರ್ಯವಿಲ್ಲ.

ಒಬ್ಬರ ಒಂದು ರಾತ್ರಿಯ ನಮೂದಿಗೆ ಬೆಲೆಯೇನೂ ಇಲ್ಲ. ಹಲವರ ಹಲವು ವರ್ಷಗಳ ನಮೂದುಗಳು ಒಂದೆಡೆ ಸೇರಿದರೆ ಆ ತಾರೆಯ ಏರಿಳಿತದ ರೇಖೆ ಮೂಡುತ್ತದೆ. ಅಮೆರಿಕದಲ್ಲಿ ಹಗಲಾಗಿರುವಾಗ ಬಂಗಾಳದಲ್ಲಿ ರಾತ್ರಿ. ಅವರಿಗೆ ಆಕಾಶ ಕಾಣದ ಆ ಗಂಟೆಗಳ ತೆರವನ್ನು ತುಂಬಲು ನಮ್ಮ ಕಡೆಯ ಕಣ್ಣೇ ಬೇಕಾಗಿತ್ತು. ಅದರ ಮಹತ್ತ್ವವನ್ನರಿತ ಅಮೆರಿಕದವರು 1926ರಲ್ಲಿ 6 ಅಂಗುಲದ ದೂರದರ್ಶಕವೊಂದನ್ನು ಜೆಸ್ಸೋರಿಗೆ ಕಳುಹಿಸಿದರು. ಅದನ್ನು ಕೊಟ್ಟವರು ಎಲ್ಮರ್ ಎಂಬವರು. ಅವರೂ ನ್ಯಾಯಾಲಯದಲ್ಲಿ ಶೀಘ್ರಲಿಪಿ ಬರೆದು ಜೀವಿಸಿದವರೇ.

1954ರವರೆಗೆ ಚಂದ್ರರು ಕಳುಹಿಸಿದ ನಮೂದುಗಳು 37 ಸಾವಿರಕ್ಕೂ ಹೆಚ್ಚು. ಕಸುಬಿನ ಅಭ್ಯಾಸದಿಂದ ನಾವು ಭಾಗಿಸಿ ನೋಡಿದೆವು: ಸುಮಾರು 34 ವರ್ಷ, ದಿನಕ್ಕೆ ಸರಾಸರಿ ಮೂರು. ಬಂಗಾಳದ ಮಳೆಗಾಲವನ್ನೂ ಹುಣ್ಣಿಮೆಯ ಆಸುಪಾಸನ್ನೂ ಕಳೆದರೆ, ಉಳಿದ ರಾತ್ರಿಗಳಲ್ಲಿ ಅವರೆಷ್ಟು ಹೊತ್ತು ಎಚ್ಚರವಿದ್ದರೆಂಬುದನ್ನು ತಾವೇ ಊಹಿಸಬಹುದು. ಮರುದಿನ ಬೆಳಿಗ್ಗೆ ಕಚೇರಿಗೆ ಹೋಗುವುದಂತೂ ತಪ್ಪದು. ಆ ಸಂಖ್ಯೆಗಳು ಇಂದಿಗೂ ಆ ಸಂಘದ ಕಡತದಲ್ಲಿವೆ. ಹಳೆಯ ರಾತ್ರಿಯೊಂದು ಬೇಕೆಂದರೆ ಇಂದಿನ ಯಾವ ದೊಡ್ಡ ಯಂತ್ರವೂ ಅದನ್ನು ಮರಳಿ ತಂದುಕೊಡಲಾರದು. ಬರೆದಿಟ್ಟವರ ಪುಸ್ತಕವನ್ನೇ ತೆರೆಯಬೇಕು.

ದೇಶವಿಭಜನೆಯಲ್ಲಿ ಜೆಸ್ಸೋರು ಪಾಕಿಸ್ತಾನಕ್ಕೆ ಹೋಯಿತು. ಚಂದ್ರರ ಕೊನೆಯ ದಿನಗಳು ಕಲ್ಕತ್ತೆಯ ಬಳಿಯ ಬಾರಾಸತ್‌ನಲ್ಲಿ ಬಡತನದಲ್ಲೇ ಕಳೆದು, 1975ರಲ್ಲಿ ತೀರಿಕೊಂಡರು. ದೂರದೇಶದವರು ಇವರ ಕೈಗೆ ಯಂತ್ರ ಕೊಟ್ಟರು. ಸ್ವದೇಶದವರು ಹೊಟ್ಟೆಗಾದರೂ ನೆರವಾಗಬಾರದಿತ್ತೇ ಎಂಬ ಕೊರಗು ನಮಗಿದೆ.

ತಮ್ಮ ಕೆಲಸ ನಿಂತ ಮೇಲೆ ಎರವಿನ ಯಂತ್ರವನ್ನು ಅವರು ಮನೆಯಲ್ಲಿಟ್ಟುಕೊಳ್ಳಲಿಲ್ಲ. ಅದು ವೇಣು ಬಾಪು ಅವರ ಕೈಸೇರಿತು. ಬಾಪು ಬೆಳೆದದ್ದು ಇದೇ ಹೈದರಾಬಾದಿನಲ್ಲಿ. ಅವರ ತಂದೆ ಇಲ್ಲಿನ ನಿಜಾಮಿಯಾ ವೇಧಶಾಲೆಯಲ್ಲಿದ್ದರು. ಬೇಗಂಪೇಟೆಯ ಕಡೆ ಹೋಗಿಬರುವ ನಮ್ಮವರಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ಮುಂದೆ ಬಾಪು ತಮಿಳುನಾಡಿನ ಕಾವಲೂರಿನಲ್ಲಿ ವೇಧಶಾಲೆ ಕಟ್ಟಿಸಿದಾಗ ಆ 6 ಅಂಗುಲದ ದೂರದರ್ಶಕವೂ ಅಲ್ಲಿಗೆ ಸೇರಿತು. ಅದನ್ನು ಈಗ ನಡೆಸುತ್ತಿರುವುದು ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ.

ನವೆಂಬರಿನ ರಾತ್ರಿ ತಿಮಿಂಗಿಲ ಪುಂಜ ಚೆನ್ನಾಗಿ ಮೇಲೇರಿರುತ್ತದೆ. ಊಟವಾದ ಮೇಲೆ ಇಷ್ಟವಿದ್ದವರು ಮಕ್ಕಳನ್ನು ಕರೆದುಕೊಂಡು ಮಹಡಿಯ ಮೇಲೆ ಬನ್ನಿರಿ. ನಗರದ ದೀಪಗಳ ನಡುವೆ ಮೀರಾ ಕಂಡರೆ ಕಂಡಿತೆಂದು, ಕಾಣದಿದ್ದರೆ ಕಾಣಲಿಲ್ಲವೆಂದು ತಾರೀಖು ಹಾಕಿ ಬರೆದಿಡೋಣ.