ಇಕ್ಕಟ್ಟಿನ ನಿವೇಶನ, ಒಂದೇ ಅಳತೆ
(ಶಿಕಾರಿಪುರ ಮತ್ತು ಸೊರಬದ ಸಭೆಗಳಲ್ಲಿ ಮಾಡಿದ ಭಾಷಣ)



1951ರ ಕಾಗೋಡು ಹೋರಾಟ ಎದ್ದದ್ದು ಗೇಣಿ ಅಳೆಯುವ ಕೊಳಗದ ತಕರಾರಿನಿಂದ. ಇಂದು ನಮ್ಮ ತಕರಾರೂ ಅಳತೆಯದೇ.

ಅಣ್ಣತಮ್ಮಂದಿರು ಪಾಲಾದ ಮೇಲೆ ಒಬ್ಬನಿಗೆ ಉಳಿದ ನಿವೇಶನ 20 ಅಡಿ ಅಗಲ, 30 ಅಡಿ ಉದ್ದವೆನ್ನಿ. ಸುತ್ತಲೂ ಮೂರು ಮೂರು ಅಡಿ ಬಿಡಿರೆಂದರೆ 600 ಚದರಡಿಯಲ್ಲಿ ಮನೆಗೆ ದಕ್ಕುವುದು 336. ಅದರಲ್ಲೇ ಅಂಗಡಿ, ಅಡಿಗೆಮನೆ, ಮುದುಕಿಯ ಹಾಸಿಗೆ! ಗಾಳಿ ಬೆಳಕಿಗೆ ಜಾಗ ಬೇಡವೆಂದು ನಾವು ಹೇಳುವುದಿಲ್ಲ. ಬೆಂಕಿ ಬಿದ್ದಾಗ ಓಣಿ ಬೇಕೇ ಬೇಕು. ಆದರೆ ಬಂಗಲೆಯ ನಿವೇಶನಕ್ಕೂ ಇದಕ್ಕೂ ಒಂದೇ ಮೊಳಕೋಲೇ?

ಸರ್ಕಾರ ಹುಡುಕಿದ ಹಾದಿ ಅಕ್ರಮ-ಸಕ್ರಮ. ವಾಸದ ಮನೆಯಲ್ಲಿ ಶೇಕಡ 50, ಇತರ ಕಟ್ಟಡದಲ್ಲಿ 25ರವರೆಗೆ ನಿಯಮ ಮುರಿದಿದ್ದರೆ ದಂಡ ಕಟ್ಟಿಸಿಕೊಂಡು ಮಾಫಿ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆಯಾಜ್ಞೆ ಕೊಟ್ಟಿತು. ನಮಗಂತೂ ಅದು ಹಿಡಿಸಿದ್ದಲ್ಲ. ದುಡ್ಡಿದ್ದವನು ಮೊದಲು ಕಟ್ಟಿ ಆಮೇಲೆ ದಂಡ ತೆತ್ತಾನು. ಅಕ್ಕಿ ಗಿರಣಿಯ ಕೂಲಿಯವನು ಅರ್ಜಿ ಹಿಡಿದು ನಿಂತೇ ಇರುತ್ತಾನೆ.

ನ್ಯೂಯಾರ್ಕಿನಲ್ಲಿ 1916ರಲ್ಲೇ ಇಂಥ ವಿನಾಯಿತಿ ಕೇಳಲು ಮಂಡಳಿಯೊಂದು ಏರ್ಪಟ್ಟಿತು. ಬಂಡವಾಳಗಾರರ ಊರೇ ಆಗಲಿ, ಒಳ್ಳೆಯದನ್ನು ಬಿಡುವುದೇಕೆ? ಕಟ್ಟುವ ಮೊದಲೇ ಅರ್ಜಿ, ನೆರೆಹೊರೆಯವರ ಎದುರಲ್ಲೇ ವಿಚಾರಣೆ, ಕಾರಣ ಬರೆದ ತೀರ್ಪು ಕಚೇರಿಯ ಹಲಗೆಯ ಮೇಲೆ: ನಮ್ಮ ಬೇಡಿಕೆ ಇಷ್ಟೇ. ಮುಂದಿನ ಸಭೆಗೆ ಬರುವಾಗ ನಿಮ್ಮ ನಿವೇಶನದ ಅಳತೆ ಬರೆದು ತನ್ನಿ.