ಹಿರಿಯರ ಯೋಗಕ್ಷೇಮಕ್ಕೆ ವಾಟ್ಸಾಪ್, ಸರದಿಗೆ ನಾವು
(ರಜತ ಮಹೋತ್ಸವ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಹಾಲಿನ ಲೆಕ್ಕ, ಬೋನಸ್ಸಿನ ಲೆಕ್ಕವನ್ನು ಕಾರ್ಯದರ್ಶಿಗಳು ಈಗಾಗಲೇ ಒಪ್ಪಿಸಿದ್ದಾರೆ. ನಾವು ಬೇರೊಂದು ಲೆಕ್ಕ ಕೇಳುತ್ತೇವೆ. ನಮ್ಮೂರ ಹಿರಿಯರನ್ನು ಹಗಲುಹೊತ್ತು ನೋಡಿಕೊಳ್ಳುವವರು ಯಾರು?

1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ನಾಂದಿ ಹಾಡಿತು. ಅಲ್ಲಿಂದೀಚೆಗೆ ಸುತ್ತಲ ರಾಗಿ ಹೊಲಗಳು ಲೇಔಟುಗಳಾದವು. ಮಗ ಒಂದು ಶಿಫ್ಟು, ಸೊಸೆ ಇನ್ನೊಂದು ಶಿಫ್ಟು. ಮನೆಯಲ್ಲಿ ಉಳಿಯುವುದು ತಾತ, ಅಜ್ಜಿ, ಒಂದು ಸೀಮೆಹಸು. ಪಕ್ಕದಲ್ಲಿ ಬಾಡಿಗೆಗೆ ಇರೋರಿಗೆ ಇವರ ಹೆಸರೂ ಗೊತ್ತಿಲ್ಲ.

ಆದರೆ ಎಲ್ಲರ ಕೈಯಲ್ಲೂ ಫೋನಿದೆ. ಆದ್ದರಿಂದ ಬೀದಿಗೊಂದು ವಾಟ್ಸಾಪ್ ಗುಂಪು ಮಾಡೋಣ ಎಂಬುದು ನಮ್ಮ ಸಲಹೆ. ಬಾಡಿಗೆದಾರರನ್ನೂ ಸೇರಿಸಿಕೊಳ್ಳೋಣ.

ದಿನಾ ಡೈರಿಗೆ ಬರುವ ಅಜ್ಜಿ ಒಂದು ಬೆಳಿಗ್ಗೆ ಬರಲಿಲ್ಲ ಅನ್ನಿ. ಟೆಸ್ಟರ್ ಕೂಡಲೇ ಗುಂಪಿಗೆ ತಿಳಿಸಬೇಕು. ಅಂದಿನ ಸರದಿಯವರು ಮನೆಗೆ ಹೋಗಿ ನೋಡಬೇಕು. ಜಯದೇವಕ್ಕೋ ನಿಮ್ಹಾನ್ಸ್‌ಗೋ ಕಾರಿನಲ್ಲಿ ಹೋಗುವವರು ಹಿಂದಿನ ದಿನವೇ ಹೇಳಿದರೆ ಇನ್ನೊಬ್ಬ ಹಿರಿಯರಿಗೂ ಜಾಗವಾಗುತ್ತದೆ. ಮಾತ್ರೆ ತರುವುದು, ಒಂಟಿಯಾಗಿರುವವರಿಗೆ ಊಟ ಕೊಡುವುದು, ಇವೂ ಸರದಿಯಲ್ಲೇ ನಡೆಯಲಿ. ಓದಲು ಬಾರದವರು ಮೈಕಿನ ಗುರುತು ಒತ್ತಿ ಮಾತಾಡಿ ಕಳಿಸಬಹುದು. ಫೋನೇ ಇಲ್ಲದವರ ಪರವಾಗಿ ನೆರೆಯವರೊಬ್ಬರು ಹೊಣೆ ಹೊರಲಿ.

ಕಟ್ಟುಪಾಡೂ ಬೇಕು. ಗುಡ್ ಮಾರ್ನಿಂಗ್ ಚಿತ್ರ, ರಾಜಕೀಯ ಬೇಡ. ಯಾರದೇ ಕಾಯಿಲೆಯ ವಿವರ, ಆಧಾರ್, ಬ್ಯಾಂಕಿನ ಸಂಖ್ಯೆ ಗುಂಪಿಗೆ ಹಾಕಕೂಡದು. ಓಟಿಪಿ ಯಾರಿಗೂ ಹೇಳಕೂಡದು. ಮೋಸದಿಂದ ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ತುರ್ತಿಗೆ 108 ಇದೆ. ಹಿರಿಯರ ಸಹಾಯಕ್ಕೆ ರಾಷ್ಟ್ರೀಯ ಸಹಾಯವಾಣಿ 14567 ಇದೆ. ಬೆಂಗಳೂರು ನಗರ ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2002ರಲ್ಲಿ ಆರಂಭಿಸಿದ 1090 ಕೂಡ ಇದೆ. ಈ ನಂಬರುಗಳನ್ನು ಡೈರಿ ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆಸೋಣ.

ಬಂಧುಗಳೇ, ಫೋನು ಸುದ್ದಿ ಮುಟ್ಟಿಸುತ್ತದೆಯೇ ಹೊರತು ಗಂಜಿ ಕಾಯಿಸಿ ಕೊಡುವುದಿಲ್ಲ. ಇನ್ನೂರು ಜನ ಕೈಮುಗಿಯುವ ಚಿತ್ರ ಹಾಕಿ, ಒಬ್ಬರೂ ಬಾಗಿಲು ತಟ್ಟದಿದ್ದರೆ ಏನು ಬಂತು? ಅದಕ್ಕೇ ಸರದಿಯ ಪಟ್ಟಿ ಗುಂಪಿನಲ್ಲೂ ಇರಲಿ, ಡೈರಿ ಬೋರ್ಡಿನ ಮೇಲೂ ಇರಲಿ. ಹಾಗಂತ ಊರು ನೋಡಿಕೊಳ್ಳುತ್ತೆ ಅಂತ ಮಕ್ಕಳು ಕೈತೊಳೆದುಕೊಳ್ಳುವ ಹಾಗಿಲ್ಲ. ತಂದೆತಾಯಿಯರ ಪೋಷಣೆ ಮಕ್ಕಳ ಹೊಣೆ ಎಂದು 2007ರ ಕಾಯ್ದೆಯೇ ಹೇಳುತ್ತದೆ.

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಹಂಚಿಕೊಂಡದ್ದು ಸಾಲದ ಭಾರ. ನಾವು 25 ವರ್ಷ ಹಾಲು ಹಂಚಿಕೊಂಡಿದ್ದೇವೆ. ಇನ್ನು ಆರೈಕೆಯನ್ನೂ ಹಂಚಿಕೊಳ್ಳೋಣ. ಈ ಸಂಘಕ್ಕೆ ಮೊದಲ ಷೇರು ಹಣ ಕಟ್ಟಿದವರೇ ಇಂದು ಕೋಲೂರಿ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಇಂದೇ ಠರಾವು ಆಗಲಿ. ಸರದಿಯ ಮೊದಲ ವಾರ ನಿರ್ದೇಶಕರಾದ ನಮ್ಮದೇ ಇರಲಿ ಎಂದು ಕೋರಿ ಮಾತು ಮುಗಿಸುತ್ತೇವೆ.

ಜೈ ಹಿಂದ್, ಜೈ ಕರ್ನಾಟಕ.