ಆಗುಂಬೆಯ ಮಳೆ, ಚಳ್ಳಕೆರೆಯ ಗಾಳಿ



ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ. ಚಳ್ಳಕೆರೆಗೆ 500ರ ಆಸುಪಾಸು. ಎರಡೂ ಊರಿನ ಮೇಲೆ ಹಾಯುವುದು ಅದೇ ನೈಋತ್ಯ ಮಾರುತ. ಮತ್ತೆ ಈ ಪಂಕ್ತಿಭೇದ ಏಕೆ?

ಬೇಸಿಗೆಯಲ್ಲಿ ರಾಜಸ್ಥಾನ, ಸಿಂಧ್ ಸೀಮೆಯ ನೆಲ ಕಾದು ಗಾಳಿ ಹಗುರಾಗಿ ಮೇಲೇರುತ್ತದೆ, ಒತ್ತಡ ಕುಸಿಯುತ್ತದೆ. ದಕ್ಷಿಣ ಹಿಂದೂ ಮಹಾಸಾಗರದ ಮೇಲೆ ಆಗ ಒತ್ತಡ ಹೆಚ್ಚು. ಅಲ್ಲಿಂದ ಇಲ್ಲಿಗೆ ಗಾಳಿ ಹೊರಡುತ್ತದೆ. ಕಾದ ಕಡೆಗೆ ಗಾಳಿ ನುಗ್ಗುತ್ತದೆಂದು ಎಡ್ಮಂಡ್ ಹ್ಯಾಲಿ (ಧೂಮಕೇತುವಿನ ಹ್ಯಾಲಿಯೇ) 1686ರಲ್ಲೇ ಬರೆದಿದ್ದ. ಭೂಮಿಯ ತಿರುಗುವಿಕೆ ಅದರ ದಿಕ್ಕು ಬಾಗಿಸುತ್ತದೆಂಬುದು ತಿಳಿದದ್ದು ಅನಂತರ.

ಅರಬ್ಬೀ ಸಮುದ್ರದ ತೇವ ಹೊತ್ತ ಈ ಗಾಳಿ ಘಟ್ಟಕ್ಕೆ ಬಡಿದು ಏರುತ್ತದೆ. ಮೇಲೆ ಒತ್ತಡ ಕಡಿಮೆ. ಗಾಳಿ ಹಿಗ್ಗುತ್ತದೆ, ಹಿಗ್ಗಿ ತಣಿಯುತ್ತದೆ, ಆವಿ ಹನಿಗಟ್ಟುತ್ತದೆ. ತಣ್ಣೀರಿನ ತಂಬಿಗೆಯ ಹೊರಮೈ ಬೆವರುವುದೂ ಹೀಗೆಯೇ. ಘಟ್ಟ ದಾಟಿದ ಮೇಲೆ ಎಲ್ಲವೂ ತಿರುಗುಮುರುಗು: ಇಳಿಯುವ ಗಾಳಿ ಒತ್ತಡಕ್ಕೆ ಸಿಕ್ಕಿ ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಂತೆ ಬಿಸಿಯಾಗುತ್ತದೆ, ಮೋಡ ಕರಗುತ್ತದೆ. ಚಿತ್ರದುರ್ಗದ ಗುಡ್ಡಗಳ ಗಾಳಿಯಂತ್ರಗಳಿಗೆ ಅದು ಸುಗ್ಗಿ. ಶೇಂಗಾ ಬೆಳೆಗಾರನಿಗಲ್ಲ.

ಅವನ ಸೀಮೆಗೆ ದೊಡ್ಡ ಮಳೆ ಬರುವುದು ಸೆಪ್ಟೆಂಬರ್-ಅಕ್ಟೋಬರಿನಲ್ಲಿ, ಬಂಗಾಳ ಕೊಲ್ಲಿಯ ಕಡೆ ವಾಯುಭಾರ ಕುಸಿದಾಗ. ಬಿತ್ತನೆಯೋ ಜೂನ್-ಜುಲೈಗೇ ಆಗಬೇಕು, ಅದೂ ಬಹಳ ಮನೆಗಳಲ್ಲಿ ಸಾಲದ ಬೀಜದಿಂದ. ಆಗಸ್ಟಿನಲ್ಲಿ ಗಿಡ ಹೂಬಿಡುತ್ತದೆ. ಆ ಹೂವಿನ ತೊಟ್ಟು ಮಣ್ಣಿಗಿಳಿದು ಕಾಯಿಗಟ್ಟಲು ನೆಲ ಮೆತ್ತಗಿರಬೇಕು. ಆ ತಿಂಗಳಲ್ಲೇ ಅಲ್ಲಿ ಬರೀ ಗಾಳಿ ಬೀಸುವುದುಂಟು.